ಟರ್ಮಿನಲ್‌ನಿಂದ ತೋಟದ ಹಾರ್ನ್‌ಗೆ: ಸೌಂಡ್ ಸರ್ವರ್ ಮೂಲಕ ಆಡಿಯೋ ಫೈಲ್ ಪ್ಲೇ ಮಾಡೋದು ಹೆಂಗೆ

ನಮ್ ಕಡೆ ತೋಟ ಇದ್ದೋರಿಗೆ ಹೇಳೋದೇ ಬೇಡ, ಮಂಗ ಬರೋದು ಸರಿಯಾಗಿ ತಿಂಡಿ ಹೊತ್ತಿಗೆ. ಅಪ್ಪ ಕಡುಬಿನ ತಟ್ಟೆ ಬಿಟ್ಟು ಎದ್ದು ಓಡ್ಬೇಕು, ಅಷ್ಟ್ರಲ್ಲಿ ಎಳೆ ಅಡಿಕೆ ಅರ್ಧ ಚೀಪಿ ಬುಡದಲ್ಲಿ ಉದುರಿಸಿ, ಬಾಳೆಗೊನೆ ಒಂದು ಹಾಳು ಮಾಡಿ ಪಕ್ಕದ ತೋಟಕ್ಕೆ ಹೋಗಾಗಿರ್ತದೆ. ಗರ್ನಾಲು ಹೊಡೆದಾಯ್ತು, ಕವಣೆ ಬೀಸಿದ್ದಾಯ್ತು. ಕೊನೆಗೆ ಅಟ್ಟದಲ್ಲಿದ್ದ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಮೈಕ್‌ಸೆಟ್‌ನವ್ರು ಮಾರಿದ ಹಳೇ ಆಂಪ್ಲಿಫೈಯರ್ ಮತ್ತು ಒಂದು ಹಾರ್ನ್ ತಂದು, ನಾಯಿ ಬೊಗಳೋ ಸೌಂಡ್ ಪ್ಲೇ ಮಾಡೋ ಏರ್ಪಾಡು ಮಾಡಿದೆ. ಅದನ್ನ ಮಾಡ್ತಾ ಮಾಡ್ತಾ ಕಮಾಂಡ್ ಲೈನ್‌ನಿಂದ ಆಡಿಯೋ ಪ್ಲೇ ಮಾಡೋದ್ರ ಬಗ್ಗೆ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ನಿಮಗೆ ಮಂಗದ ಕಾಟ ಇಲ್ಲದಿದ್ರೂ ಬೆಳಿಗ್ಗೆ ಸುಪ್ರಭಾತ ಹಾಕೋಕೋ, ಪಂಪ್ ಆಫ್ ಮಾಡು ಅಂತ ನೆನಪು ಮಾಡೋಕೋ ಇದೇ ದಾರಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ. ಫೈಲ್ ಪ್ಲೇ ಮಾಡೋ ಕಮಾಂಡು ಪಿಎಪ್ಲೇ ಅಂದ್ರೆ ಪಿ, ಎ, ಆಮೇಲೆ ಪ್ಲೇ, ಮಧ್ಯ ಜಾಗ ಬಿಡ್ಬೇಡಿ. ಸೌಂಡ್ ಸರ್ವರ್‌ಗೆ ಅಪ್ಪಣೆ ಕೊಡೋ ಕಮಾಂಡು ಪಿಎಸಿಟಿಎಲ್ ಅಂದ್ರೆ ಅದೇ ಐದು ಅಕ್ಷರ ಬಿಡಿಬಿಡಿಯಾಗಿ. ಆದ್ರೆ ಫೈಲು, ಫೋಲ್ಡರ್ ಹೆಸರು ಮಾತ್ರ ನಿಜವಾಗ್ಲೂ ಕನ್ನಡದಲ್ಲೇ ಇಟ್ಕೋಬಹುದು, ಲಿನಕ್ಸ್‌ಗೆ ಅದ್ರಲ್ಲಿ ಎಂತ ತಕರಾರೂ ಇಲ್ಲ. ನನ್ನ ಫೈಲು "ನಾಯಿ" ಅಂತಲೇ ಇದೆ.

ಸೌಂಡ್ ಸರ್ವರ್ ಎಂತಕ್ಕೆ ಬೇಕು

ಲಿನಕ್ಸ್ ಕರ್ನಲ್ ಒಳಗೆ ಸೌಂಡ್ ಕಾರ್ಡ್ ಜೊತೆ ಮಾತಾಡೋದು ಅಲ್ಸಾ. ಅದಕ್ಕೆ ನೇರ ಹಾರ್ಡ್‌ವೇರ್ ಹೆಸರು ಕೊಟ್ಟು ಪ್ಲೇ ಮಾಡಿದ್ರೆ ಒಂದು ಪ್ರೋಗ್ರಾಂ ಕಾರ್ಡನ್ನ ಹಿಡ್ಕೊಂಡು ಕೂತ್ಬಿಡ್ತದೆ, ಇನ್ನೊಂದು ಬಂದು ಕೇಳಿದ್ರೆ "ಡಿವೈಸ್ ಬಿಸಿ" ಅಂತ ಮುಖಕ್ಕೆ ಹೊಡೀತದೆ. ಸೌಂಡ್ ಸರ್ವರ್ ಅಂದ್ರೆ ಮಧ್ಯ ನಿಂತು ಎಲ್ಲರ ಸದ್ದನ್ನೂ ಇಸ್ಕೊಂಡು, ಕೂಡಿಸಿ, ಎಲ್ಲಿಗೆ ಬಿಡ್ಬೇಕೋ ಅಲ್ಲಿಗೆ ಬಿಡೋನು. ತೋಟದ ಬಸಿಗಾಲುವೆ ನೆನಪು ಮಾಡ್ಕೊಳ್ಳಿ, ಪ್ರತಿ ಸಾಲಿನ ನೀರೂ ಒಂದು ದೊಡ್ಡ ಕಾಲುವೆಗೆ ಬಂದು ಸೇರ್ತದೆ, ಅಲ್ಲಿಂದ ಎತ್ತ ತಿರುಗಿಸ್ಬೇಕು ಅನ್ನೋದು ಒಂದು ಗುದ್ದಲಿ ಮಣ್ಣಿನ ಮಾತು. ಆ ಗುದ್ದಲಿ ಹಾಕೋ ಜಾಗ ಗೊತ್ತಾದ್ರೆ ಮುಕ್ಕಾಲು ಕೆಲ್ಸ ಮುಗೀತು. ನಾನು ಮೊದ್ಲು ಆ ಜಾಗ ಬಿಟ್ಟು ಬರೀ ಪ್ಲೇಯರ್‌ಗಳ ಹಿಂದೆ ಬಿದ್ದು ಎರಡು ವಾರ ಹಾಳು ಮಾಡಿದೆ.

ಬಹಳ ವರ್ಷ ಈ ಕೆಲ್ಸ ಮಾಡಿದ್ದು ಪಲ್ಸ್‌ಆಡಿಯೋ. 2004ರಲ್ಲಿ ಲೆನ್ನಾರ್ಟ್ ಪೊಟರಿಂಗ್ ಶುರು ಮಾಡಿದಾಗ ಅದರ ಹೆಸರು ಪಾಲಿಪ್‌ಆಡಿಯೋ, 2006ರಲ್ಲಿ ಪಲ್ಸ್ ಆಯ್ತು. ಈಗ ಹೊಸ ಡಿಸ್ಟ್ರೋಗಳಲ್ಲಿ, ಅಂದ್ರೆ ಲಿನಕ್ಸ್‌ನ ಬೇರೆ ಬೇರೆ ತಳಿಗಳಲ್ಲಿ, ಆ ಜಾಗಕ್ಕೆ ವಿಮ್ ಟೇಮನ್ಸ್ ಬರೆದ ಪೈಪ್‌ವೈರ್ ಬಂದಿದೆ. ಫೆಡೋರಾ 34ರಲ್ಲಿ, ಅಂದ್ರೆ 2021ರಲ್ಲೇ ಅದು ಬಂತು, ಉಬುಂಟುಗೆ ಬಂದಿದ್ದು 22.10ರಲ್ಲಿ. ಖುಷಿ ವಿಷಯ ಅಂದ್ರೆ ಪೈಪ್‌ವೈರ್ ಹಳೇ ಪಲ್ಸ್ ಭಾಷೆನೂ ಮಾತಾಡ್ತದೆ, ಹಂಗಾಗಿ ಪಿಎಪ್ಲೇ, ಪಿಎಸಿಟಿಎಲ್ ಎರಡೂ ಕಡೆ ನಡೀತವೆ. ನಿಮ್ಮಲ್ಲಿ ಯಾವ್ದಿದೆ ಅಂತ ನೋಡೋಕೆ:

ಪಿಎಸಿಟಿಎಲ್ ಇನ್ಫೋ

ಸರ್ವರ್ ನೇಮ್ ಅನ್ನೋ ಸಾಲಲ್ಲಿ ಬರೀ ಪಲ್ಸ್‌ಆಡಿಯೋ ಅಂತಿದ್ರೆ ಹಳೇದು, "ಪಲ್ಸ್‌ಆಡಿಯೋ ಆನ್ ಪೈಪ್‌ವೈರ್" ಅಂತ ನಂಬರ್ ಸಮೇತ ಇದ್ರೆ ಹೊಸದು. ಕಮಾಂಡೇ ಸಿಗ್ಲಿಲ್ಲ ಅಂದ್ರೆ ಉಬುಂಟು, ಡೆಬಿಯನ್‌ನಲ್ಲಿ ಪಲ್ಸ್‌ಆಡಿಯೋ-ಯುಟಿಲ್ಸ್ ಅನ್ನೋ ಪ್ಯಾಕೇಜ್ ಹಾಕ್ಕೊಳ್ಳಿ. "ಕನೆಕ್ಷನ್ ರೆಫ್ಯೂಸ್ಡ್" ಅಂತ ಬಂದ್ರೆ ಸುಡೋ (ರೂಟ್, ಅಂದ್ರೆ ಸಿಸ್ಟಂ ಯಜಮಾನನ ಹೆಸರಲ್ಲಿ ಕಮಾಂಡ್ ಓಡಿಸೋದು) ಹಾಕಿ ಓಡಿಸಿದ್ರಾ ನೋಡ್ಕೊಳ್ಳಿ. ಸೌಂಡ್ ಸರ್ವರ್ ಓಡೋದು ನಿಮ್ಮ ಲಾಗಿನ್ ಹೆಸರಲ್ಲಿ, ರೂಟ್ ಬಂದು ಬಾಗಿಲು ಬಡಿದ್ರೆ ಅದು ತೆಗೆಯಲ್ಲ. ಸುಡೋ ಹಾಕೋ ಚಾಳಿ ಇಲ್ಲಿ ಬಿಟ್ಬಿಡಿ.

ಮೊದಲ ಸದ್ದು

ಅಲ್ಸಾ-ಯುಟಿಲ್ಸ್ ಹಾಕಿರೋ ಹೆಚ್ಚಿನ ಸಿಸ್ಟಂನಲ್ಲಿ ಒಂದು ಟೆಸ್ಟ್ ಫೈಲು ಇರ್ತದೆ, ಯುಎಸ್ಆರ್ ಒಳಗೆ ಶೇರ್, ಅದ್ರೊಳಗೆ ಸೌಂಡ್ಸ್, ಅದ್ರೊಳಗೆ ಅಲ್ಸಾ ಫೋಲ್ಡರಲ್ಲಿ. ಫ್ರಂಟ್_ಸೆಂಟರ್.ವ್ಯಾವ್ ಅಂತ, ಎಫ್ ಮತ್ತು ಸಿ ದೊಡ್ಡಕ್ಷರ.

ಪಿಎಪ್ಲೇ /ಯುಎಸ್ಆರ್/ಶೇರ್/ಸೌಂಡ್ಸ್/ಅಲ್ಸಾ/ಫ್ರಂಟ್_ಸೆಂಟರ್.ವ್ಯಾವ್

ಒಬ್ಬಳು ಹೆಂಗಸು "ಫ್ರಂಟ್ ಸೆಂಟರ್" ಅಂತ ಹೇಳಿ ಸುಮ್ನಾಗ್ತಾಳೆ, ಕಮಾಂಡೂ ಸುಮ್ಮನೆ ಮುಗೀತದೆ, ಮುಗೀತು ಅಂತ ಹೇಳೋದೂ ಇಲ್ಲ. ಎಂತ ನಡೀತಿದೆ ಅಂತ ನೋಡ್ಬೇಕಂದ್ರೆ ಮಧ್ಯ -ವಿ ಸೇರಿಸಿ. ನಿಲ್ಲಿಸೋಕೆ ಕಂಟ್ರೋಲ್ ಸಿ. ಕೊನೆಗೆ & ಹಾಕಿ ಹಿಂದುಗಡೆ ಬಿಟ್ಟು, ಅದು ಓಡ್ತಿರೋವಾಗ್ಲೇ ಇನ್ನೊಂದು ಫೈಲ್ ಪ್ಲೇ ಮಾಡಿ ನೋಡಿ, ಎರಡೂ ಒಟ್ಟಿಗೆ ಕೇಳ್ತದೆ. ಸರ್ವರ್ ಅಂದ್ರೆ ಇದೇ, ಯಾರೂ ಯಾರಿಗೂ ಕಾಯ್ಬೇಕಾಗಿಲ್ಲ.

ಪೈಪ್‌ವೈರ್ ಇದ್ರೆ ಪಿಡಬ್ಲ್ಯೂ-ಪ್ಲೇ ಅನ್ನೋದೂ ಇರ್ತದೆ, ಅದು ಪೈಪ್‌ವೈರ್‌ನದೇ ಸ್ವಂತ ಪ್ಲೇಯರ್. ಕೆಲ್ಸ ಒಂದೇ. ನಾನು ಪಿಎಪ್ಲೇ ಬಳಸೋದು ಎರಡೂ ಥರದ ಸಿಸ್ಟಂನಲ್ಲಿ ಅದೇ ಸ್ಕ್ರಿಪ್ಟ್ (ಕಮಾಂಡ್‌ಗಳನ್ನ ಸಾಲಾಗಿ ಬರೆದಿಟ್ಟ ಫೈಲು) ಓಡ್ಲಿ ಅಂತ ಅಷ್ಟೇ.

ಈಗ ಫಾರ್ಮ್ಯಾಟ್ ವಿಷಯ, ಇಲ್ಲೇ ಸುಮಾರು ಜನ ಮುಗ್ಗರಿಸೋದು. ಪಿಎಪ್ಲೇ ಫೈಲ್ ಓದೋದು ಲಿಬ್‌ಸ್ಯಾಂಡ್‌ಫೈಲ್ ಅನ್ನೋ ಲೈಬ್ರರಿ ಮೂಲಕ. ವ್ಯಾವ್, ಫ್ಲ್ಯಾಕ್, ಓಜಿಜಿ ಎಲ್ಲ ಆರಾಮಾಗಿ ಓದ್ತದೆ. ಎಂಪಿತ್ರೀ ಮಾತ್ರ ಆ ಲೈಬ್ರರಿಗೆ ಬಂದಿದ್ದು 2022ರ 1.1.0 ವರ್ಷನ್‌ನಲ್ಲಿ, ಹಂಗಾಗಿ ಉಬುಂಟು 22.04 ಇರೋರಿಗೆ ಎಂಪಿತ್ರೀ ಕೊಟ್ರೆ "ಫೇಲ್ಡ್ ಟು ಓಪನ್ ಆಡಿಯೋ ಫೈಲ್" ಅಂತ ಬರ್ತದೆ, ಫೈಲ್ ಹಾಳಾಗಿದೆ ಅನ್ಕೊಂಡು ಮತ್ತೆ ಮತ್ತೆ ಡೌನ್‌ಲೋಡ್ ಮಾಡ್ಬೇಡಿ. ಫೋನಲ್ಲಿ ರೆಕಾರ್ಡ್ ಮಾಡಿದ ಎಂ4ಎ ಫೈಲಂತೂ ಯಾವ ವರ್ಷನ್‌ನಲ್ಲೂ ಓಡಲ್ಲ. ಎಲ್ಲದಕ್ಕೂ ಒಂದೇ ಮದ್ದು, ಫಾರ್ಮ್ಯಾಟ್ ಬದಲಾಯಿಸೋ ಎಫ್‌ಎಫ್‌ಎಂಪೆಗ್ ಅನ್ನೋ ಪ್ರೋಗ್ರಾಂನಿಂದ ಒಂದ್ಸಲ ವ್ಯಾವ್ ಮಾಡಿ ಇಟ್ಕೊಂಬಿಡೋದು:

ಎಫ್‌ಎಫ್‌ಎಂಪೆಗ್ -ಐ ಫೋನಿಂದು.ಎಂ4ಎ -ಎಸಿ 1 -ಎಆರ್ 48000 ಅಪ್ಪ.ವ್ಯಾವ್

-ಎಸಿ 1 ಅಂದ್ರೆ ಮೋನೋ, ಒಂದೇ ಹಾರ್ನ್‌ಗೆ ಸ್ಟೀರಿಯೋ ಎಂತಕ್ಕೆ. ಫೈಲ್ ಹೆಸರು ಕನ್ನಡದಲ್ಲಿದ್ರೂ ಚುಕ್ಕಿ ಆದ್ಮೇಲಿನ ಬಾಲ ಇಂಗ್ಲಿಷಲ್ಲೇ ಇರ್ಬೇಕು, ಯಾಕಂದ್ರೆ ಎಫ್‌ಎಫ್‌ಎಂಪೆಗ್ ಯಾವ ಫಾರ್ಮ್ಯಾಟ್ ಮಾಡ್ಬೇಕು ಅಂತ ತಿಳ್ಕೊಳ್ಳೋದು ಆ ಬಾಲ ನೋಡಿ. ಪಿಎಪ್ಲೇಗೆ ಆ ಬಾಲದ ಹಂಗಿಲ್ಲ, ಫೈಲ್ ಒಳಗಿನ ತಲೆಬರಹ ನೋಡ್ಕೊಂಡು ಗೊತ್ತು ಮಾಡ್ಕೊಳ್ತದೆ. ನನ್ನ ಫೈಲು ಬರೀ "ನಾಯಿ" ಅಂತ ಬಾಲ ಇಲ್ದೇ ಇರೋದು ಅದ್ಕೇ, ಹೆಸರು ಬದಲಾಯಿಸೋವಾಗ ಕಿತ್ತು ಹಾಕಿದೆ.

ಹಾಡುಗಳ ಪಟ್ಟಿ, ಇಂಟರ್ನೆಟ್ ರೇಡಿಯೋ ಅಂತೆಲ್ಲ ಬೇಕಂದ್ರೆ ಪಿಎಪ್ಲೇ ಬಿಟ್ಟು ಎಂಪಿವಿ ಹಾಕ್ಕೊಳ್ಳಿ, ಎಂಪಿವಿ --ನೋ-ವಿಡಿಯೋ ಅಂತ ಕೊಟ್ಟು ಫೈಲ್ ಹೆಸರು ಕೊಟ್ರೆ ಟರ್ಮಿನಲ್‌ನಲ್ಲೇ ಓಡ್ತದೆ, ಸ್ಪೇಸ್ ಒತ್ತಿದ್ರೆ ನಿಲ್ತದೆ, ಅದೂ ಸದ್ದು ಕಳ್ಸೋದು ಇದೇ ಸರ್ವರ್‌ಗೆ.

ಯಾವ ಸ್ಪೀಕರ್‌ಗೆ ಅಂತ ಹೇಳೋದು

ನಮ್ಮನೆ ಲ್ಯಾಪ್‌ಟಾಪ್‌ಗೆ ಮೂರು ಕಡೆ ಬಾಯಿ. ಹೆಡ್‌ಫೋನ್ ತೂತಲ್ಲಿ ನನ್ನ ಆಫೀಸ್ ಮೀಟಿಂಗ್. ಜಗುಲಿ ಮೇಲೆ ಅಜ್ಜಿಯ ಬ್ಲೂಟೂತ್ ಸ್ಪೀಕರ್. ತೋಟದ ಆಂಪ್ಲಿಫೈಯರ್‌ಗೆ ಹೋಗೋಕೆ ಅಂತ ಬೇರೆಯೇ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಪೆನ್‌ಡ್ರೈವ್ ಗಾತ್ರದ್ದು.

ಮೊದಲ ವಾರ ನಾನು ಡಿವೈಸ್ ಹೆಸರು ಕೊಡದೇ ಬರೀ ಪಿಎಪ್ಲೇ ನಾಯಿ ಅಂತ ಹಾಕಿ ಬಿಟ್ಟಿದ್ದೆ. ಹಗಲೆಲ್ಲ ಸರಿಯಾಗೇ ತೋಟಕ್ಕೆ ಹೋಗ್ತಿತ್ತು. ಒಂದು ಸಂಜೆ ದೀಪ ಹಚ್ಚೋ ಹೊತ್ತಿಗೆ ಅಜ್ಜಿ ಬ್ಲೂಟೂತ್ ಸ್ಪೀಕರ್ ಆನ್ ಮಾಡಿ ಭಜನೆ ಹಾಕ್ಸಿದ್ರು, ಸ್ಪೀಕರ್ ಕನೆಕ್ಟ್ ಆದ ಕೂಡ್ಲೇ ಅದೇ ಡೀಫಾಲ್ಟ್ ಆಗ್ಬಿಡ್ತು, ಅದು ನನಗೆ ಗೊತ್ತಿಲ್ಲ, ಭಜನೆ ನಡುವೆ ಇದ್ದಕ್ಕಿದ್ದಂಗೆ ನಾಲ್ಕು ಆಲ್ಸೇಷನ್ ಒಟ್ಟಿಗೆ ಬೊಗಳಿದ್ವು. ಅಂಗಳದಲ್ಲಿ ಮಲಗಿದ್ದ ನಮ್ಮ ಕಾಳ ಎದ್ದು ಮನೆ ಸುತ್ತ ಮೂರು ಸುತ್ತು ಓಡಿ ಶತ್ರು ಎಲ್ಲಿ ಅಂತ ಹುಡುಕಿ ಕೊನೆಗೆ ಸ್ಪೀಕರನ್ನೇ ಕಚ್ಚೋಕೆ ಹೋದ. ಅಜ್ಜಿ ಆವತ್ತಿಂದ ಲ್ಯಾಪ್‌ಟಾಪ್ ಕಡೆ ನೋಡೋ ನೋಟವೇ ಬೇರೆ.

ಹಂಗಾಗಿ ಡೀಫಾಲ್ಟ್ ನಂಬ್ಬೇಡಿ, ಹೆಸರು ಹಿಡಿದು ಹೇಳಿ. ಹೆಸರುಗಳ ಪಟ್ಟಿ:

ಪಿಎಸಿಟಿಎಲ್ ಲಿಸ್ಟ್ ಶಾರ್ಟ್ ಸಿಂಕ್ಸ್

ಸಿಂಕ್ ಅಂದ್ರೆ ಸದ್ದು ಹೋಗಿ ಬೀಳೋ ಜಾಗ. ಪಾತ್ರೆ ತೊಳೆಯೋ ಸಿಂಕ್ ಇದ್ದಂಗೆ ಅನ್ಕೊಂಡ್ರೂ ತಪ್ಪಿಲ್ಲ, ಎಲ್ಲಾ ಹೋಗಿ ಅಲ್ಲೇ ಇಳಿಯೋದು. ಪ್ರತಿ ಸಾಲಲ್ಲಿ ಮೊದ್ಲು ಒಂದು ನಂಬರ್, ಆಮೇಲೆ ಉದ್ದದ ಹೆಸರು, ಕೊನೆಗೆ ರನ್ನಿಂಗ್, ಐಡಲ್, ಸಸ್ಪೆಂಡೆಡ್ ಅಂತ ಒಂದು ಸ್ಥಿತಿ. ಅಲ್ಸಾ_ಔಟ್‌ಪುಟ್.ಯುಎಸ್‌ಬಿ ಅಂತ ಶುರುವಾಗೋದು ಯುಎಸ್‌ಬಿ ಕಾರ್ಡು, ಅಲ್ಸಾ_ಔಟ್‌ಪುಟ್.ಪಿಸಿಐ ಅಂತಿರೋದು ಲ್ಯಾಪ್‌ಟಾಪ್‌ನದೇ, ಬ್ಲೂಝ್ ಅಂತ ಶುರುವಾದ್ರೆ ಬ್ಲೂಟೂತ್. ಸಸ್ಪೆಂಡೆಡ್ ಅಂತ ಕಂಡ್ರೆ ಗಾಬರಿ ಬೇಡ, ಯಾರೂ ಬಳಸ್ತಿಲ್ಲ ಅಂತ ನಿದ್ದೆ ಮಾಡ್ತಿದೆ ಅಷ್ಟೇ.

ಮೊದಲಿರೋ ನಂಬರ್ ನೋಡಿ ಅದನ್ನೇ ಸ್ಕ್ರಿಪ್ಟಲ್ಲಿ ಹಾಕ್ಬಿಡೋಣ ಅಂತ ಆಸೆ ಆಗ್ತದೆ, ಬೇಡ. ಕಾರ್ಡ್ ಕಿತ್ತು ಮತ್ತೆ ಚುಚ್ಚಿದ್ರೆ ನಂಬರ್ ಬದಲಾಗ್ತದೆ. ಹೆಸರು ಉದ್ದ ಆದ್ರೂ ಹೆಸರನ್ನೇ ಕೊಡಿ:

ಪಿಎಪ್ಲೇ --ಡಿವೈಸ್=ಆ_ಉದ್ದದ_ಹೆಸರು ನಾಯಿ

ಪಿಡಬ್ಲ್ಯೂ-ಪ್ಲೇ ಬಳಸೋರು ಡಿವೈಸ್ ಜಾಗಕ್ಕೆ ಟಾರ್ಗೆಟ್ ಅಂತ ಹಾಕಿ.

ಡೀಫಾಲ್ಟನ್ನೇ ಬದಲಾಯಿಸ್ಬೇಕಂದ್ರೆ ಪಿಎಸಿಟಿಎಲ್ ಸೆಟ್-ಡೀಫಾಲ್ಟ್-ಸಿಂಕ್ ಅಂತ ಕೊಟ್ಟು ಹೆಸರು ಕೊಡಿ. ಇನ್ನು ನನಗೆ ಬಹಳ ಇಷ್ಟ ಆಗಿದ್ದು ಅಂದ್ರೆ ಓಡ್ತಿರೋ ಸದ್ದನ್ನೇ ಎತ್ತಿ ಬೇರೆ ಕಡೆ ಇಡೋದು. ಅಜ್ಜಿ ಭಜನೆ ತಪ್ಪಿ ನನ್ನ ಹೆಡ್‌ಫೋನ್‌ಗೆ ಬಂದ್ರೆ ನಿಲ್ಲಿಸಿ ಮತ್ತೆ ಶುರು ಮಾಡೋದೆಲ್ಲ ಬೇಕಾಗಿಲ್ಲ. ಮೊದ್ಲು ಯಾರ್ಯಾರು ಹಾಡ್ತಿದಾರೆ ಅಂತ ಪಟ್ಟಿ:

ಪಿಎಸಿಟಿಎಲ್ ಲಿಸ್ಟ್ ಶಾರ್ಟ್ ಸಿಂಕ್-ಇನ್‌ಪುಟ್ಸ್

ಇಲ್ಲಿ ಮಾತ್ರ ನಂಬರೇ ಬೇಕು, ಹಾಡ್ತಿರೋವಷ್ಟು ಹೊತ್ತು ಅದು ಬದಲಾಗಲ್ಲ. 58 ಅಂತ ಬಂತು ಅನ್ಕೊಳ್ಳಿ:

ಪಿಎಸಿಟಿಎಲ್ ಮೂವ್-ಸಿಂಕ್-ಇನ್‌ಪುಟ್ 58 ಜಗುಲಿ_ಸಿಂಕ್_ಹೆಸರು

ಭಜನೆ ಒಂದು ಸಾಲೂ ತಪ್ಪದೇ ಜಗುಲಿಗೆ ಹೋಗ್ತದೆ. ಮೊದಲ ಸಲ ಮಾಡಿದಾಗ ನಾನೇ ಸುಮಾರು ಹೊತ್ತು ಅತ್ತಿಂದಿತ್ತ ಆಟ ಆಡಿದೆ.

ವಾಲ್ಯೂಮ್

ಎರಡು ಥರ. ಸಿಂಕ್‌ನ ವಾಲ್ಯೂಮ್ ಬೇರೆ, ಆ ಒಂದು ಫೈಲಿನ ವಾಲ್ಯೂಮ್ ಬೇರೆ. ಸಿಂಕ್‌ಗೆ:

ಪಿಎಸಿಟಿಎಲ್ ಸೆಟ್-ಸಿಂಕ್-ವಾಲ್ಯೂಮ್ ಸಿಂಕ್_ಹೆಸರು 70%

+5% ಅಂತ ಕೊಟ್ರೆ ಇದ್ದಿದ್ದಕ್ಕೆ ಸೇರ್ತದೆ. ಹೆಸರಿನ ಜಾಗದಲ್ಲಿ @ಡೀಫಾಲ್ಟ್_ಸಿಂಕ್@ ಅಂತ, ಎಲ್ಲಾ ದೊಡ್ಡಕ್ಷರದಲ್ಲಿ, ಹಾಕಿದ್ರೆ ಆ ಹೊತ್ತಿಗೆ ಯಾವ್ದು ಡೀಫಾಲ್ಟೋ ಅದಕ್ಕೆ. 100 ದಾಟಿಸೋಕೂ ಬಿಡ್ತದೆ, ಆದ್ರೆ ಸದ್ದು ಒಡೆದು ಗರಗರ ಅಂತದೆ, ಹಾರ್ನ್‌ಗೂ ಒಳ್ಳೇದಲ್ಲ. ಜೋರು ಬೇಕಂದ್ರೆ ಆಂಪ್ಲಿಫೈಯರ್ ಗುಂಡಿ ತಿರುಗಿಸಿ.

ಒಂದೇ ಫೈಲಿಗೆ ಕಮ್ಮಿ ಮಾಡೋಕೆ ಪಿಎಪ್ಲೇಗೆ --ವಾಲ್ಯೂಮ್=32768 ಅಂತ ಕೊಡ್ಬೇಕು. ಇಲ್ಲಿ ಪೂರ್ತಿ ಅಂದ್ರೆ 65536, ಹಂಗಾಗಿ 32768 ಅಂದ್ರೆ 50%. ಆದ್ರೆ ಪಲ್ಸ್‌ನ 50% ಅಂದ್ರೆ ಸಿಗ್ನಲ್ ಅರ್ಧಕ್ಕೆ ಇಳಿಯೋದಲ್ಲ, ಅದರ ಲೆಕ್ಕ ಘನದ್ದು, ಅರ್ಧದ ಅರ್ಧದ ಅರ್ಧ, ಎಂಟರಲ್ಲಿ ಒಂದು ಪಾಲಾಗ್ತದೆ, ಅಂದ್ರೆ ಸುಮಾರು 18 ಡೆಸಿಬಲ್ ಕಮ್ಮಿ. ಮನುಷ್ಯರ ಕಿವಿಗೆ ಗುಂಡಿ ಹದವಾಗಿ ತಿರುಗಿದಂಗೆ ಅನ್ನಿಸ್ಲಿ ಅಂತ ಹಂಗೆ ಮಾಡಿದಾರೆ. ಪಿಡಬ್ಲ್ಯೂ-ಪ್ಲೇಯಲ್ಲಿ ಈ 65536 ಗೋಜಿಲ್ಲ, ಒಂದು ಅಂದ್ರೆ ಪೂರ್ತಿ, 0.5 ಅಂತೆಲ್ಲ ಕೊಡ್ಬಹುದು.

ತಂತಾನೇ ಓಡೋ ಹಂಗೆ ಮಾಡೋದು

ಮಂಗ ಎಂತ ದಡ್ಡ ಪ್ರಾಣಿ ಅಲ್ಲ. ಪ್ರತಿ ಹದಿನೈದು ನಿಮಿಷಕ್ಕೆ ಅದೇ ನಾಯಿ ಅದೇ ಥರ ಬೊಗಳಿದ್ರೆ ಮೂರನೇ ದಿನಕ್ಕೆ ಹಾರ್ನ್ ಪಕ್ಕದ ಮರದಲ್ಲೇ ಕೂತು ಪೇನು ಹೆಕ್ಕಿಕೊಳ್ತಿರ್ತಾವೆ, ಕಣ್ಣಾರೆ ನೋಡಿದೀನಿ. ಹೊತ್ತೂ ಬದಲಾಗ್ಬೇಕು, ಸದ್ದೂ ಬದಲಾಗ್ಬೇಕು. ಮನೆ ಫೋಲ್ಡರ್ ಒಳಗೆ "ಕಾವಲು" ಅಂತ ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿ ಅದ್ರೊಳಗೆ ನಾಯಿ, ಪಟಾಕಿ, ತಗಡು ಬಡಿಯೋದು, ಅಪ್ಪ ಕೂಗೋದು ಎಲ್ಲ ಹಾಕಿದೀನಿ. ಸ್ಕ್ರಿಪ್ಟ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕಾವಲು.ಎಸ್‌ಎಚ್:

#!/ಬಿನ್/ಬ್ಯಾಶ್
ವೈಲ್ ಟ್ರೂ; ಡೂ
  ಟಿ=$(ಪಿಎಸಿಟಿಎಲ್ ಲಿಸ್ಟ್ ಶಾರ್ಟ್ ಸಿಂಕ್ಸ್ | ಗ್ರೆಪ್ ಯುಎಸ್‌ಬಿ | ಕಟ್ -ಎಫ್2)
  [ -ಎನ್ "$ಟಿ" ] && ಪಿಎಪ್ಲೇ --ಡಿವೈಸ್="$ಟಿ" "$(ಶಫ್ -ಎನ್1 -ಇ ~/ಕಾವಲು/*)"
  ಸ್ಲೀಪ್ $(ಶಫ್ -ಐ 600-2400 -ಎನ್1)
ಡನ್

ಮೊದಲ ಸಾಲು ಸಿಂಕ್ ಪಟ್ಟಿಯಿಂದ ಯುಎಸ್‌ಬಿ ಇರೋ ಸಾಲನ್ನ ಹೆಕ್ಕಿ ಅದ್ರ ಎರಡನೇ ಕಾಲಂ, ಅಂದ್ರೆ ಹೆಸರನ್ನ, ಟಿ ಅನ್ನೋ ಡಬ್ಬಕ್ಕೆ ಹಾಕ್ತದೆ. ಈ ಟಿ ಇಂಗ್ಲಿಷ್ ಅಕ್ಷರವೇ ಆಗ್ಬೇಕು, ಫೈಲ್ ಹೆಸರು ಕನ್ನಡದಲ್ಲಿ ಇಟ್ಟಂಗೆ ಬ್ಯಾಶ್‌ನಲ್ಲಿ (ಈ ಸ್ಕ್ರಿಪ್ಟ್ ಓದಿ ಓಡಿಸೋ ಪ್ರೋಗ್ರಾಂ ಅದು) ವೇರಿಯಬಲ್, ಅಂದ್ರೆ ಇಂಥ ಡಬ್ಬದ, ಹೆಸರು ಕನ್ನಡದಲ್ಲಿ ಇಡೋಕಾಗಲ್ಲ. ಎರಡನೇ ಸಾಲು ಡಬ್ಬ ಖಾಲಿ ಇಲ್ಲ ಅಂದ್ರೆ ಮಾತ್ರ ಪ್ಲೇ ಮಾಡ್ತದೆ, ಯಾರಾದ್ರೂ ಕಾರ್ಡ್ ಕಿತ್ತಿಟ್ಟಿದ್ರೆ ಸುಮ್ನಿರ್ತದೆ, ಅಜ್ಜಿ ಭಜನೆ ಸೇಫ್. ಶಫ್ ಅಂದ್ರೆ ಎಸ್ ಎಚ್ ಯು ಎಫ್, ಇಸ್ಪೀಟ್ ಕಲಸಿದಂಗೆ ಕಲಸಿ ಒಂದು ಎಲೆ ತೆಗೀತದೆ. ಕೊನೇದು 600ರಿಂದ 2400 ಸೆಕೆಂಡ್, ಅಂದ್ರೆ ಹತ್ತರಿಂದ ನಲವತ್ತು ನಿಮಿಷ, ಎಷ್ಟಾದ್ರೂ ಕಾಯ್ತದೆ. ಎರಡು ಯುಎಸ್‌ಬಿ ಕಾರ್ಡ್ ಇರೋರು ಗ್ರೆಪ್‌ಗೆ ಯುಎಸ್‌ಬಿ ಬದ್ಲು ಆ ಕಾರ್ಡಿನ ಹೆಸರಿನ ಒಂದು ತುಂಡು ಕೊಡಿ. ಬರೆದಾದ್ಮೇಲೆ ಸಿಎಚ್‌ಮೋಡ್ +ಎಕ್ಸ್ ಅಂತ ಸ್ಕ್ರಿಪ್ಟ್ ಹೆಸರಿನ ಜೊತೆ ಕೊಟ್ಟು ಅದಕ್ಕೆ ಓಡೋ ಹಕ್ಕು ಕೊಡೋದು ಮರೀಬೇಡಿ.

ಅಪ್ಪನ ಸದ್ದು ರೆಕಾರ್ಡ್ ಮಾಡಿದ್ದು ತಮಾಷೆ ಆಯ್ತು. "ಹೋಯ್... ಹೋಹೋಹೋಯ್" ಅಂತ ಅಂಗಳದಲ್ಲಿ ನಿಂತು ಫೋನಿಗೆ ಕೂಗಿ ಅಂದ್ರೆ ಅವ್ರಿಗೆ ನಾಚಿಕೆ, ಹೆಂಗೋ ಒಂದು ಸಲ ಕೂಗಿದ್ರು. ಹಾಕಿದ ದಿನ ತೋಟದಲ್ಲಿ ಕೊನೆ ಕೊಯ್ತಿದ್ದೋನು ಮರದ ಮೇಲಿಂದಲೇ "ಬಂದೆ ಅಯ್ಯಾ" ಅಂತ ಉತ್ತರ ಕೊಟ್ಟು ಇಳಿದು ಮನೆ ತನಕ ಬಂದಿದಾನೆ. ಮಂಗಗಳಿಗೂ ಎಲ್ಲದಕ್ಕಿಂತ ಹೆಚ್ಚು ಹೆದರಿಕೆ ಇರೋದು ಇದೇ ಫೈಲಿಗೆ, ನಾಯಿ ಬರೀ ಬೊಗಳ್ತದೆ, ಅಪ್ಪ ಕೂಗಿದ ಮೇಲೆ ಕವಣೆ ಕಲ್ಲು ಬರ್ತದೆ ಅಂತ ಅವಕ್ಕೆ ಗೊತ್ತು. ಅದ್ಕೆ ಆಗಾಗ ಅಪ್ಪ ನಿಜವಾಗ್ಲೂ ಹೋಗಿ ಒಂದು ಕಲ್ಲು ಬೀಸಿ ಬರ್ತಾರೆ, ಇಲ್ಲಾಂದ್ರೆ ಫೈಲಿನ ಮರ್ಯಾದೆ ಹೋಗ್ತದೆ.

ಸರಿ, ದಿನಾ ಬೆಳಿಗ್ಗೆ ತಂತಾನೇ ಶುರುವಾಗ್ಲಿ ಅಂದ್ರೆ ಕ್ರಾನ್, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ಪ್ರೋಗ್ರಾಂ. ಕ್ರಾನ್‌ಟ್ಯಾಬ್ -ಇ ಹೊಡೆದು ಇದನ್ನ ಸೇರಿಸಿ:

ಎಕ್ಸ್‌ಡಿಜಿ_ರನ್‌ಟೈಮ್_ಡಿಐಆರ್=/ರನ್/ಯೂಸರ್/1000
ಲ್ಯಾಂಗ್=ಸಿ.ಯುಟಿಎಫ್-8
0 6 * * * ಟೈಮ್‌ಔಟ್ 12ಎಚ್ /ಹೋಮ್/ನಿಮ್ಮ_ಹೆಸರು/ಕಾವಲು.ಎಸ್‌ಎಚ್

ಆ ಮೊದಲ ಸಾಲು ಇಲ್ದೇ ನನ್ನ ಎರಡು ದಿನ ಹೋಯ್ತು. ಟರ್ಮಿನಲ್‌ನಲ್ಲಿ ಓಡಿಸಿದ್ರೆ ಸದ್ದು ಬರ್ತದೆ, ಕ್ರಾನ್‌ನಲ್ಲಿ ಇಟ್ರೆ ಸೊಲ್ಲೇ ಇಲ್ಲ. ಕಾರಣ ಇಷ್ಟೇ, ಸೌಂಡ್ ಸರ್ವರ್‌ನ ಬಾಗಿಲು ಇರೋದು ರನ್ ಒಳಗೆ ಯೂಸರ್ ಒಳಗೆ ನಿಮ್ಮ ನಂಬರಿನ ಫೋಲ್ಡರಲ್ಲಿ, ನೀವು ಲಾಗಿನ್ ಆದಾಗ ಆ ವಿಳಾಸ ನಿಮ್ಮ ಕೈಗೆ ಬಂದಿರ್ತದೆ, ಕ್ರಾನ್ ಕೈಗೆ ಯಾರೂ ಕೊಟ್ಟಿರಲ್ಲ. 1000 ಅನ್ನೋದು ಸಾಮಾನ್ಯವಾಗಿ ಮೊದಲ ಯೂಸರ್‌ನ ನಂಬರ್, ನಿಮ್ಮದು ನೋಡೋಕೆ ಐಡಿ -ಯು ಹೊಡೀರಿ. ಎರಡು ಹೆಸರೂ ಸಮ ಚಿಹ್ನೆಯ ಎಡಕ್ಕೆ ದೊಡ್ಡಕ್ಷರದಲ್ಲಿ, ಡೈರೆಕ್ಟರಿ ಅಂತ ಪೂರ್ತಿ ಬರೀಬೇಡಿ, ಬರೀ ಡಿ ಐ ಆರ್. ಲ್ಯಾಂಗ್ ಸಾಲು ಕನ್ನಡ ಫೈಲ್ ಹೆಸರಿಗೆ ತೊಂದ್ರೆ ಆಗ್ದಿರ್ಲಿ ಅಂತ, ಅಲ್ಲಿ ಸಮ ಚಿಹ್ನೆಯ ಬಲಕ್ಕಿರೋದೂ ದೊಡ್ಡಕ್ಷರವೇ. ಟೈಮ್‌ಔಟ್ 12ಎಚ್ ಅಂದ್ರೆ ಬೆಳಿಗ್ಗೆ ಆರಕ್ಕೆ ಶುರುವಾಗಿದ್ದು ಸಂಜೆ ಆರಕ್ಕೆ ನಿಲ್ತದೆ.

ಲ್ಯಾಪ್‌ಟಾಪ್ ಆನ್ ಆಗಿ ಯಾರೂ ಲಾಗಿನ್ ಆಗಿಲ್ಲ ಅಂದ್ರೆ ಆ ಫೋಲ್ಡರೇ ಇರಲ್ಲ. ಲಾಗಿನ್ ಆಗದಿದ್ರೂ ನಿಮ್ಮ ಹೆಸರಿನ ಕೆಲ್ಸಗಳು ಓಡೋ ಹಂಗೆ ಮಾಡೋಕೆ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಅನ್ನೋ ಕಮಾಂಡ್ ಇದೆ, ಆದ್ರೆ ಅದಷ್ಟೇ ಸಾಲಲ್ಲ, ಸೌಂಡ್ ಕಾರ್ಡ್ ಮುಟ್ಟೋ ಹಕ್ಕು ಸಿಗೋದು ಎದುರಿಗೆ ಕೂತು ಲಾಗಿನ್ ಆದೋರಿಗೆ, ಇಲ್ಲಾಂದ್ರೆ ಆಡಿಯೋ ಗ್ರೂಪ್‌ಗೆ ಸೇರ್ಬೇಕು. ಇಷ್ಟೆಲ್ಲ ತಲೆನೋವು ಯಾಕೆ ಅಂತ ನಾನು ಆ ಹಳೇ ಲ್ಯಾಪ್‌ಟಾಪ್‌ಗೆ ಆಟೋ ಲಾಗಿನ್ ಹಾಕಿಟ್ಟೆ, ಅಡಿಕೆ ಚೀಲದ ಪಕ್ಕ ಇರೋ ಲ್ಯಾಪ್‌ಟಾಪ್‌ನಿಂದ ಕದಿಯೋಕೆ ಎಂತ ಇದೆ.

ರಾತ್ರಿ ಕಾಡುಹಂದಿಗೂ ಇದನ್ನೇ ಓಡಿಸ್ಬಹುದಲ್ಲ ಅಂತ ಕೇಳೋರಿದಾರೆ. ಶಬ್ದ ಮಾಲಿನ್ಯದ 2000ರ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕೋ ಹಂಗಿಲ್ಲ, ಅದೂ ಅಲ್ದೇ ನಮ್ ಕಣಿವೆಯಲ್ಲಿ ಇಲ್ಲಿ ಕೆಮ್ಮಿದ್ರೆ ಆಚೆ ಗುಡ್ಡದ ಮನೆಗೆ ಕೇಳ್ತದೆ. ನಾನು ಆರಕ್ಕೆ ಶುರು ಮಾಡೋದೂ ಅದ್ಕೇ.

ಸದ್ದೇ ಬರ್ತಿಲ್ಲ ಅಂದ್ರೆ

ಮೊದ್ಲು ಸದ್ದು ಸರ್ವರ್ ತನಕ ಹೋಗ್ತಿದೆಯಾ ಇಲ್ವಾ ನೋಡಿ. ಪ್ಲೇ ಆಗ್ತಿರೋವಾಗ ಸಿಂಕ್-ಇನ್‌ಪುಟ್ಸ್ ಪಟ್ಟಿಯಲ್ಲಿ ಒಂದು ಸಾಲು ಕಂಡ್ರೆ ಪ್ಲೇಯರ್ ತನ್ನ ಕೆಲ್ಸ ಮಾಡಿದೆ, ತೊಂದ್ರೆ ಮುಂದೆ ಎಲ್ಲೋ. ಆಗ ಅಲ್ಸಾಮಿಕ್ಸರ್ ಓಡಿಸಿ ಎಫ್6 ಒತ್ತಿ ಕಾರ್ಡ್ ಆರಿಸಿ, ಯಾವ್ದಾದ್ರೂ ಕಂಬದ ಬುಡದಲ್ಲಿ ಎಂಎಂ ಅಂತ ಇದ್ರೆ ಅದು ಮ್ಯೂಟ್, ಅಲ್ಲಿ ಎಂ ಒತ್ತಿದ್ರೆ ಬಿಡುಗಡೆ. ಸಾಲೇ ಕಾಣ್ಲಿಲ್ಲ ಅಂದ್ರೆ ಸರ್ವರನ್ನೇ ಒಂದ್ಸಲ ಎಬ್ಬಿಸಿ. ಪೈಪ್‌ವೈರ್ ಆದ್ರೆ:

ಸಿಸ್ಟಂಸಿಟಿಎಲ್ --ಯೂಸರ್ ರೀಸ್ಟಾರ್ಟ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್ ವೈರ್‌ಪ್ಲಂಬರ್

ಹಳೇ ಪಲ್ಸ್ ಆದ್ರೆ ಪಲ್ಸ್‌ಆಡಿಯೋ -ಕೆ, ಅದು ಸತ್ತು ಸಾಮಾನ್ಯವಾಗಿ ತಾನೇ ಮತ್ತೆ ಏಳ್ತದೆ.

ಶುರುವಿನ ಅರ್ಧ ಸೆಕೆಂಡ್ ನುಂಗ್ತದೆ, "ಭೌ" ಬದ್ಲು "ಔ" ಅಂತ ಕೇಳ್ತದೆ ಅನ್ನೋದು ಇನ್ನೊಂದು. ಸಿಂಕ್ ಐದು ಸೆಕೆಂಡ್ ಖಾಲಿ ಕೂತ್ರೆ ನಿದ್ದೆಗೆ ಹೋಗ್ತದೆ, ಎದ್ದು ಕಣ್ಣುಜ್ಜೋ ಅಷ್ಟ್ರಲ್ಲಿ ಸದ್ದಿನ ತಲೆ ಹೋಗಿರ್ತದೆ. ಬ್ಲೂಟೂತ್‌ನಲ್ಲಿ ಇದು ಇನ್ನೂ ಜಾಸ್ತಿ. ಸೆಟ್ಟಿಂಗ್ ಹುಡುಕಿ ನಿದ್ದೆ ತಪ್ಪಿಸೋದಕ್ಕಿಂತ ಸಾಕ್ಸ್ ಅನ್ನೋ ಪ್ರೋಗ್ರಾಂನಿಂದ ಫೈಲಿಗೇ ಮುಂದೆ ಒಂದು ಸೆಕೆಂಡ್ ಮೌನ ಸೇರಿಸೋದು ಸುಲಭ:

ಸಾಕ್ಸ್ ನಾಯಿ.ವ್ಯಾವ್ ಹೊಸನಾಯಿ.ವ್ಯಾವ್ ಪ್ಯಾಡ್ 1 0

ಮೀಟಿಂಗ್ ಶುರುವಾದ ಕೂಡ್ಲೇ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಹಳೇ ಲ್ಯಾಂಡ್‌ಲೈನ್ ಥರ ಕೇಳಿದ್ರೆ ಅದು ಕೆಟ್ಟಿಲ್ಲ, ಮೈಕ್ ಬೇಕು ಅಂತ ಫೋನ್ ಪ್ರೊಫೈಲ್‌ಗೆ ಜಾರಿದೆ, ಮೀಟಿಂಗ್ ಮುಗಿದ್ಮೇಲೆ ಎ2ಡಿಪಿಗೆ, ಅಂದ್ರೆ ಹಾಡು ಕೇಳೋ ಪ್ರೊಫೈಲ್‌ಗೆ, ವಾಪಸ್ ಬರ್ಬೇಕು.

ಲ್ಯಾಪ್‌ಟಾಪ್ ಮುಚ್ಚಿದ ಕೂಡ್ಲೇ ಎಲ್ಲ ನಿಲ್ತದೆ ಅನ್ನೋರು ಇಟಿಸಿ ಒಳಗೆ ಸಿಸ್ಟಂಡಿ ಫೋಲ್ಡರಲ್ಲಿರೋ ಲಾಗಿನ್‌ಡಿ.ಕಾನ್ಫ್ ತೆಗೆದು ಹ್ಯಾಂಡಲ್‌ಲಿಡ್‌ಸ್ವಿಚ್ ಅನ್ನೋ ಸಾಲಿಗೆ ಇಗ್ನೋರ್ ಅಂತ ಕೊಟ್ಟು ಒಂದ್ಸಲ ರೀಬೂಟ್ ಮಾಡಿ. ಇಲ್ಲಿ ಮಾತ್ರ ಸುಡೋ ಬೇಕು.

ಮಳೆಗಾಲದ ಮಾತು ಬೇರೆ. ಹಾರ್ನ್ ಬಾಯಿ ಸ್ವಲ್ಪ ಕೆಳಮುಖ ಕಟ್ಟಿ, ಇಲ್ಲಾಂದ್ರೆ ಆಷಾಢದ ಮಳೆ ಒಳಗೇ ತುಂಬ್ಕೊಳ್ತದೆ. ಗುಡುಗು ಶುರುವಾದ್ರೆ ಯುಎಸ್‌ಬಿ ಕಾರ್ಡ್ ಕಿತ್ತು, ಆಂಪ್ಲಿಫೈಯರ್ ಪ್ಲಗ್ಗೂ ತೆಗೀರಿ, ತೋಟದ ತನಕ ಎಳೆದ ವೈರು ಸಿಡಿಲಿಗೆ ನೇರ ದಾರಿ.

ಮನೇಲಿ ಬೇರೆ ಯಾರಾದ್ರೂ ನಿಲ್ಲಿಸ್ಬೇಕಾಗಿ ಬಂದ್ರೆ ಅಂತ ಬ್ಯಾಶ್‌ಆರ್‌ಸಿ ಅನ್ನೋ ಬ್ಯಾಶ್‌ನ ಸೆಟ್ಟಿಂಗ್ ಫೈಲಲ್ಲಿ ಒಂದು ಅಲಿಯಾಸ್, ಅಂದ್ರೆ ಉದ್ದದ ಕಮಾಂಡ್‌ಗೆ ಅಡ್ಡಹೆಸರು, ಇಟ್ಟಿದೀನಿ. ವೇರಿಯಬಲ್‌ಗೆ ಆಗದ ಕನ್ನಡ ಅಲಿಯಾಸ್‌ಗೆ ಆಗ್ತದೆ:

ಅಲಿಯಾಸ್ ಸಾಕು='ಪಿಕಿಲ್ -ಎಫ್ ಕಾವಲು.ಎಸ್‌ಎಚ್; ಪಿಕಿಲ್ ಪಿಎಪ್ಲೇ'

ಇದ್ರಲ್ಲಿ ಸಾಕು ಅನ್ನೋದು ಕನ್ನಡದಲ್ಲೇ, ಉಳಿದಿದ್ದು ಇಂಗ್ಲಿಷಲ್ಲಿ. ಕಾವಲು.ಎಸ್‌ಎಚ್ ಫೈಲನ್ನ ಎಡಿಟರ್‌ನಲ್ಲಿ ತೆರೆದಿಟ್ಟು ಇದನ್ನ ಹೊಡೀಬೇಡಿ, ಹೆಸರು ಹೊಂದ್ತದೆ ಅಂತ ಎಡಿಟರನ್ನೂ ಕೊಲ್ತದೆ. ಅಮ್ಮನಿಗೆ ಕೀಬೋರ್ಡ್ ಕನ್ನಡಕ್ಕೆ ಬದಲಾಯಿಸೋದು ಹೇಳ್ಕೊಟ್ಟೆ. ನೆಂಟರು ಬಂದು ಜಗುಲಿಲಿ ಕೂತಾಗ ಕಪ್ಪು ಪರದೆ ಮೇಲೆ "ಸಾಕು" ಅಂತ ಹೊಡೆದು ಎಂಟರ್ ಒತ್ತಿ ಕಾಫಿ ತರೋಕೆ ಹೋಗ್ತಾರೆ.